ಕರಿಪಟ್ಟಿ ಕಟ್ಟಬೇಡಿ

"ಮುಟ್ಟಬೇಡಿ ಅದನ್ನ!"

ವೇದಿಕೆಯ ಮೇಲಿನಿಂದ ಬಂದ ಆ ಗಡಸು ದನಿಗೆ ಸಭಾಂಗಣದಲ್ಲಿದ್ದ ಸಹಾಯಕರೆಲ್ಲ ಬೆಚ್ಚಿದರು. ಸೇರಾನ್ ಮಾತ್ರ ಬೆಚ್ಚಲಿಲ್ಲ. ಬೇಡ ಎಂದರೆ ಸುಮ್ಮನಿರಲು ಅವಳಿಗೆ ಬರುತ್ತಿರಲಿಲ್ಲ. ಮೊದಲ ಫೋಟೊದ ಚೌಕಟ್ಟಿಗೆ ಅಡ್ಡಲಾಗಿ ಕಟ್ಟಿದ್ದ ಕಪ್ಪು ಪಟ್ಟಿಯನ್ನು ಸರ್ರನೆ ಎಳೆದು ಕಿತ್ತಳು.

"ಮುಟ್ಟಿದೆ. ಏನ್ಮಾಡ್ತೀರಿ ಈಗ?"

ಅವಳ ಮುಂದೆ ಸಾಲಾಗಿ ಶವಪೆಟ್ಟಿಗೆಗಳು! ಒಳಗಿದ್ದವು ಹೆಣಗಳಲ್ಲ... ಗುನ್ಸಾನ್ ಬಂದರು ಪೇಟೆಯ ಬದುಕಿರುವ ಮುದುಕ ಮುದುಕಿಯರು. ಸತ್ತವರಿಗೆ ಉಡಿಸುವ ನಾರುಬಟ್ಟೆ ಉಟ್ಟು, ಮುಚ್ಚಳ ಹಾಕಿಸಿಕೊಂಡು, ಕತ್ತಲಲ್ಲಿ ಸ್ವಲ್ಪ ಹೊತ್ತು ಮಲಗಿ ಎದ್ದರೆ ಬದುಕಿನ ಅರ್ಥ ತಿಳಿಯುತ್ತದಂತೆ. 'ಹೊಸ ಹುಟ್ಟು' ಎಂಬ ಈ ಕೇಂದ್ರಕ್ಕೆ ಕಂಪನಿಗಳು ತಮ್ಮ ನೌಕರರನ್ನು ಸರದಿಯ ಮೇಲೆ ಕಳಿಸುತ್ತಿದ್ದವು. ಇವತ್ತು ಹಿರಿಯರಿಗೆ ಉಚಿತ.

ಪೆಟ್ಟಿಗೆಗಳ ತಲೆಯ ಬಳಿ ಇಟ್ಟಿದ್ದ ಫೋಟೊಗಳನ್ನು ತೆಗೆದವಳು ಸೇರಾನ್. ಹಿರಿಯರ ದಿನಕ್ಕೆ ಉಡುಗೊರೆ ಎಂದು ಕೇಂದ್ರದವರು ಹೇಳಿದ್ದನ್ನು ನಂಬಿ, ಒಬ್ಬೊಬ್ಬರನ್ನೂ ಕೂರಿಸಿ ನಗಿಸಿ ತೆಗೆದಿದ್ದಳು. ಉಳಿದಿದ್ದೊಂದು ಚೌಕಟ್ಟು ಕೊಟ್ಟು ಹೋಗೋಣವೆಂದು ಬಂದವಳಿಗೆ ಕಂಡದ್ದು ಇದು!

"ಕರಿಪಟ್ಟಿ ಕಟ್ಟೋದು ಸತ್ತೋರ ಫೋಟೊಗೆ. ಇವರೆಲ್ಲ ಬೆಳಿಗ್ಗೆ ಬಸ್ ಹತ್ಕೊಂಡು ಬಂದೋರು ಕಣ್ರೀ!" ಎನ್ನುತ್ತ ಇನ್ನೊಂದನ್ನು ಕಿತ್ತಳು.

ಕಪ್ಪು ಸೂಟಿನ ಎತ್ತರದ ಮನುಷ್ಯ ವೇದಿಕೆಯಿಂದ ಇಳಿದು ಬಂದ. ತಾಕ್ ಮುಯೊಲ್. ಮೊಬೈಲಿನಲ್ಲಿ ಅವನ ಭಾಷಣ ಕೇಳದವರು ಆ ಊರಲ್ಲಿ ಕಡಿಮೆ. ಹೇಗೆ ಬದುಕಬೇಕು, ಯಾಕೆ ಬದುಕಬೇಕು ಎಂದು ಅವನು ಮೆಲ್ಲಗೆ ಹೇಳುತ್ತಿದ್ದರೆ ಕೇಳಿದವರ ಕಣ್ಣು ತುಂಬುತ್ತಿತ್ತು.

"ನೋಡಿ ಮೇಡಂ, ಸಾವನ್ನ ನೆನೆಯದೋರಿಗೆ ಬದುಕಿನ ಬೆಲೆ ಗೊತ್ತಾಗಲ್ಲ."

"ಈ ವಯಸ್ಸಲ್ಲಿ ಸಾವು ದಿನಾ ನೆನಪಾಗುತ್ತೆ ಮೇಷ್ಟ್ರೇ. ಅದನ್ನ ಮರೆಯೋಕೆ ಅಂತ್ಲೇ ಇವರು ಮಧ್ಯಾಹ್ನ ಪೂರ್ತಿ ಇಸ್ಪೀಟ್ ಎಲೆ ಆಡ್ಕೊಂಡು ಜಗಳ ಮಾಡೋದು!"

ಒಂದು ಪೆಟ್ಟಿಗೆಯೊಳಗಿಂದ ಕಿಸಕ್ಕನೆ ನಗು ಕೇಳಿಸಿತು.

ಸೇರಾನ್ ಕೊನೆಯ ಫೋಟೊದ ಬಳಿಗೆ ಬಂದಳು. ಅದು ಅವಳು ತೆಗೆದದ್ದಲ್ಲ. ಯಾರೋ ಮೊಬೈಲಿನಲ್ಲಿ ಅವಸರಕ್ಕೆ ತೆಗೆದಿದ್ದರು. ಗಾಬರಿಗೊಂಡ ಕಣ್ಣು, ಬಿಗಿದ ತುಟಿ...

ಅಯ್ಯೋ! ಇದು... ಇದು ನನ್ನಜ್ಜಿ!

ಅದೇ ಹೊತ್ತಿಗೆ ಆ ಪೆಟ್ಟಿಗೆಯ ಮುಚ್ಚಳ ಸರಿದು, ನೆರೆತ ತಲೆಯೊಂದು ಮೇಲೆ ಬಂತು.

"ಯಾರೇ ಅದು ಗಲಾಟೆ ಮಾಡೋರು? ಈಗಷ್ಟೇ ಕಣ್ಣು ಹತ್ತಿತ್ತು!"

"ಅಜ್ಜೀ! ನೀನಿಲ್ಲಿ ಏನ್ಮಾಡ್ತಿದೀಯಾ?"

"ಫೋಟೊ ತೆಗೀತಾರೆ ಅಂದ್ರು, ಬಂದೆ," ಎಂದಳು ಮಾಲ್ಸುನ್ ಅಜ್ಜಿ ಮುನಿಸಿನಿಂದ. "ನೀನು ಊರೋರಿಗೆಲ್ಲ ತೆಗೀತೀಯಾ. ನನಗೆ ಅಂದ್ರೆ ಇವತ್ತು ಬೆಳಕಿಲ್ಲ, ನಾಳೆ ಕ್ಯಾಮೆರಾ ಸರಿಯಿಲ್ಲ. ನಾನು ಇನ್ನೆಲ್ಲಿಗೆ ಹೋಗ್ಲೇ?"

ಸಭೆಯನ್ನೇ ನಡುಗಿಸಿದ ಹುಡುಗಿ ತಲೆ ತಗ್ಗಿಸಿದಳು. ಅವಳ ಮುಖ ಬಿಳಿಚಿದ್ದನ್ನು ಮುಯೊಲ್ ನೋಡಿದ. ಅವನು ನೋಡಿದ್ದು ಅವಳಿಗೂ ಗೊತ್ತಾಯಿತು, ಸಿಟ್ಟು ಇಮ್ಮಡಿಯಾಯಿತು.

ಕಿತ್ತ ಪಟ್ಟಿಗಳನ್ನೆಲ್ಲ ಚೀಲಕ್ಕೆ ತುರುಕಿ, ಅಜ್ಜಿಯ ಕೈ ಹಿಡಿದು ಹೊರಟವಳು ಬಾಗಿಲಲ್ಲಿ ತಿರುಗಿ ನಿಂತಳು.

"ಬದುಕೋಕೆ ಅರ್ಥ ಇರ್ಲೇಬೇಕಾ ಮೇಷ್ಟ್ರೇ? ಇಲ್ಲ ಅಂದ್ರೆ ಏನು, ಮುಚ್ಚಳ ಹಾಕ್ಬಿಡ್ತೀರಾ?"



* * *

ಸೇರಾನ್‌ಳ ಫೋಟೊ ಅಂಗಡಿ ಮೀನು ಮಾರ್ಕೆಟ್ಟಿನ ಹಿಂದಿನ ಓಣಿಯಲ್ಲಿತ್ತು. ತನ್ನ ಸಾವಿನ ಮನೆಯಲ್ಲಿ ಇಡಬೇಕಾದ ಫೋಟೊವನ್ನು ಕೈಕಾಲು ಗಟ್ಟಿಯಿರುವಾಗಲೇ ತೆಗೆಸಿಟ್ಟರೆ ಆಯುಸ್ಸು ಹೆಚ್ಚುತ್ತದೆಂದು ಅಲ್ಲಿಯ ಹಿರಿಯರು ನಂಬುತ್ತಾರೆ. ದೀರ್ಘಾಯುಸ್ಸಿನ ಫೋಟೊ ಎಂದೇ ಅದರ ಹೆಸರು. ಆ ಕೆಲಸದಲ್ಲಿ ಸೇರಾನ್‌ಳದು ಒಂದೇ ಹಟ. ಕೂತವರು ನಗುವ ತನಕ ಅವಳು ಗುಂಡಿ ಒತ್ತುವುದಿಲ್ಲ!

ಮುಂದಿನ ವಾರ ಮುಯೊಲ್ ಅಂಗಡಿ ಹುಡುಕಿಕೊಂಡು ಬಂದಾಗ ಮಾಲ್ಸುನ್ ಅಜ್ಜಿ ಅಂಗಳದಲ್ಲಿ ಕೂತು ಪರ್ಸಿಮನ್ ಹಣ್ಣಿನ ಸಿಪ್ಪೆ ಹೆರೆಯುತ್ತಿದ್ದಳು. ಹೆರೆದ ಹಣ್ಣುಗಳು ಸೂರಿನ ಕೆಳಗೆ ಒಣಗಲು ತೂಗಾಡುತ್ತಿದ್ದವು. ಅವನು ದಾರಗಳನ್ನು ದಿಟ್ಟಿಸಿ ನೋಡಿದ. ದಾರಗಳಲ್ಲ... ಕರಿಪಟ್ಟಿಗಳು!

"ಇವು... ನಮ್ಮ ಕೇಂದ್ರದ್ದಲ್ವಾ?"

"ಒಗೆದಿದೀನಿ ಮಗಾ, ಹೆದರಬೇಡ. ಒಳ್ಳೆ ಗಟ್ಟಿ ಬಟ್ಟೆ. ಊಟ ಆಯ್ತಾ?"

ಒಳಗಿಂದ ಸೇರಾನ್ ಬಂದಳು. ಅವನನ್ನು ಕಂಡವಳೇ ಸೊಂಟಕ್ಕೆ ಕೈಯಿಟ್ಟು ನಿಂತಳು.

"ಪಟ್ಟಿ ವಾಪಸ್ ಬೇಕಿದ್ರೆ ಹಣ್ಣು ಒಣಗೋ ತನಕ ಕಾಯಿರಿ."

"ಪಟ್ಟಿ ಬೇಡ. ಕೇಳದೆ ಕಟ್ಟಿದ್ದಕ್ಕೆ ಕ್ಷಮೆ ಕೇಳೋಣ ಅಂತ ಬಂದೆ. ಮತ್ತೆ..." ಅವನು ತಡವರಿಸಿದ. "ನನಗೂ ಅಂಥ ಒಂದು ಫೋಟೊ ಬೇಕು."

"ಎಂಥದ್ದು?"

"ಆ ಅಜ್ಜ ಅಜ್ಜಿಯರ ಥರ... ನಗ್ತಾ ಇರೋದು."

ಸೇರಾನ್ ಅವನನ್ನು ಮೇಲಿಂದ ಕೆಳಗೆ ನೋಡಿದಳು. ಈ ಮುಖ ನಗುತ್ತಾ? ಆಗಲಿ, ನೋಡೇ ಬಿಡೋಣ!

ನಗಲಿಲ್ಲ! ಊರಿನ ಕಡುಕೋಪಿ ಮೀನುಗಾರನನ್ನೂ ನಗಿಸಿದ ಅವಳ ಕಥೆಗಳೆಲ್ಲ ಅವನ ಮುಂದೆ ತೋಪಾದವು. ತುಟಿ ಹಿಗ್ಗುತ್ತಿತ್ತು, ಕಣ್ಣು ಮಾತ್ರ ಅಲ್ಲಾಡುತ್ತಿರಲಿಲ್ಲ.

"ಇದು ನಗು ಅಲ್ಲ ಮೇಷ್ಟ್ರೇ, ಹಲ್ಲುನೋವು. ಇನ್ನೊಂದ್ಸಲ ಬನ್ನಿ."

ಅವನು ಮತ್ತೆ ಬಂದ. ಆಮೇಲೂ ಬಂದ. ಬಂದಾಗೆಲ್ಲ ಅಜ್ಜಿ ಊಟಕ್ಕಿಡುತ್ತಿದ್ದಳು. ಮೂಲಂಗಿ ಹಾಕಿ ಕುದಿಸಿದ ಮೀನು, ಬಿಸಿ ಅನ್ನ, ಕಣ್ಣಲ್ಲಿ ನೀರು ಬರಿಸುವ ಕಿಮ್ಚಿ ಉಪ್ಪಿನಕಾಯಿ. ಅವನು ತಲೆ ಎತ್ತದೆ ಉಣ್ಣುತ್ತಿದ್ದ.

"ನೀವು ಈ ಸಾವಿನ ಮೇಷ್ಟ್ರು ಆಗಿದ್ದಾದ್ರೂ ಹೇಗೆ?" ಒಂದು ದಿನ ಸೇರಾನ್ ಕೇಳಿದಳು.

"ಮೊದಲು ಹೈಸ್ಕೂಲಲ್ಲಿ ಪಾಠ ಮಾಡ್ತಿದ್ದೆ. ಒಬ್ಬ ಹುಡುಗ ಎದ್ದು ನಿಂತು, ಯಾಕೆ ಬದುಕಬೇಕು ಸಾರ್ ಅಂದ. ನನಗೆ ಉತ್ತರ ಗೊತ್ತಿರಲಿಲ್ಲ. ಹುಡುಕ್ತಾ ಹೋದೆ, ಓದ್ತಾ ಹೋದೆ... ಕಂಡೋರ ಉತ್ತರಗಳನ್ನೆಲ್ಲ ಮೈಕ್ ಹಿಡ್ಕೊಂಡು ಹೇಳೋಕೆ ಶುರು ಮಾಡ್ದೆ. ಜನ ಚಪ್ಪಾಳೆ ಹೊಡೆದ್ರು."

"ಅಯ್ಯೋ, ಆ ಹುಡುಗ? ಅವನಿಗೇನಾಯ್ತು?"

"ಅವನಿಗೇನು? ಕೋಳಿ ಕರಿಯೋ ಅಂಗಡಿ ಇಟ್ಕೊಂಡು, ಎರಡು ಮಕ್ಕಳ ಜೊತೆ ಸುಖವಾಗಿದಾನೆ. ಹಾಗೆ ಕೇಳಿದ್ದೇ ನೆನಪಿಲ್ವಂತೆ. ಆ ಪ್ರಶ್ನೆ ನನ್ನ ತಲೇಲಿ ಮಾತ್ರ ಕೂತ್ಬಿಡ್ತು."

ಸೇರಾನ್‌ಗೆ ನಗು ಬಂತು. ನಗುತ್ತಲೇ ಅವನ ಬಟ್ಟಲಿಗೆ ಇನ್ನಷ್ಟು ಅನ್ನ ಬಡಿಸಿದಳು. ಛೇ! ಇವನ ಮೇಲೆ ಕನಿಕರ ಯಾಕೆ ಬರಬೇಕು ನನಗೆ?

ಅವತ್ತೇ ಅವಳು ಅಂಗಡಿಯ ಕಪ್ಪು ಕೋಟನ್ನು ಅವನಿಗೆ ತೊಡಿಸಿದಳು. ಆ ಕೋಟಿನ ಬೆನ್ನು ಉದ್ದಕ್ಕೂ ಸೀಳಿತ್ತು. ದಪ್ಪಗಿದ್ದವರಿಗೂ ಸಣ್ಣಗಿದ್ದವರಿಗೂ ಹಿಂದಿನಿಂದ ಕ್ಲಿಪ್ಪು ಹಾಕಿ ಹೊಂದಿಸುವುದು ಅವಳ ಪದ್ಧತಿ. ಮುಯೊಲ್ ಕನ್ನಡಿಗೆ ಬೆನ್ನು ತಿರುಗಿಸಿ ನೋಡಿಕೊಂಡ.

"ಇದೇನಿದು? ಹಿಂದೆ ಏನೂ ಇಲ್ವಲ್ಲ?"

"ಮುಂದೆ ಭಾರಿ ಗಂಭೀರ, ಹಿಂದೆ ಬರೀ ಬಯಲು," ಎಂದಳು ಸೇರಾನ್ ಕ್ಲಿಪ್ಪು ಸಿಕ್ಕಿಸುತ್ತ. "ಥೇಟ್ ನಿಮ್ಮ ಭಾಷಣದ ಹಾಗೆ."

ಅವನು ಕನ್ನಡಿಯಲ್ಲಿ ಮತ್ತೊಮ್ಮೆ ಬೆನ್ನು ನೋಡಿಕೊಂಡ. ಆಮೇಲೆ... ಅವನು ನಕ್ಕುಬಿಟ್ಟ! ಭುಜ ಕುಲುಕಿತು, ಕ್ಲಿಪ್ಪುಗಳು ಪಟಪಟನೆ ಹಾರಿದವು, ಕಣ್ಣಲ್ಲಿ ನೀರು ಬಂತು. ಸೇರಾನ್ ಕ್ಯಾಮೆರಾದ ಕಡೆಗೆ ಓಡಿ ಗುಂಡಿ ಒತ್ತಿದಳು.

ಒತ್ತಿದ ಮೇಲೆ ಅವಳಿಗೆ ಭಯವಾಯಿತು.

ಯಾಕೆಂದರೆ ಆ ನಗುವನ್ನು ನೋಡುತ್ತ ಅವಳಿಗೆ ಅನ್ನಿಸಿದ್ದು ಇಷ್ಟೇ... ಇವನು ನನ್ನವನು!

* * *

ಸೇರಾನ್ ತನ್ನವರ ಫೋಟೊ ತೆಗೆಯುತ್ತಿರಲಿಲ್ಲ. ಅದಕ್ಕೊಂದು ಕಾರಣವಿತ್ತು, ಅದನ್ನು ಅವಳು ಯಾರಿಗೂ ಹೇಳಿರಲಿಲ್ಲ. ಹೊಸ ಕ್ಯಾಮೆರಾ ಕೈಗೆ ಬಂದಾಗ ಅವಳು ಮೊದಲು ತೆಗೆದದ್ದು ಬಂದರಿನ ಕಟ್ಟೆಯ ಮೇಲೆ ಬಾಯ್ತುಂಬ ನಗುತ್ತಿದ್ದ ಅಪ್ಪನನ್ನು. ಅದೇ ವಾರ ಅಪ್ಪನ ದೋಣಿ ಮಗುಚಿತು. ಅವಳು ತೆಗೆದ ಆ ನಗುವಿಗೇ ಕರಿಪಟ್ಟಿ ಕಟ್ಟಿದರು. ತಾಯಿಯ ಮುಖವನ್ನೇ ಕಾಣದೆ ಬೆಳೆದ ಹುಡುಗಿಗೆ ಅವತ್ತಿನಿಂದ ಉಳಿದದ್ದು ಅಜ್ಜಿಯೊಬ್ಬಳೇ.

ಫೋಟೊ ಒಯ್ಯಲು ಬಂದ ದಿನ ಮುಯೊಲ್ ಅದನ್ನು ಕೈಗೆ ತೆಗೆದುಕೊಂಡು, ತನಗೆ ಸಂಬಂಧವಿಲ್ಲದ ಮಾತಿಗೆ ಬಾಯಿಹಾಕಿದ.

"ಅಜ್ಜಿ ಆಸೆಪಡ್ತಿದಾರೆ. ಒಂದು ಫೋಟೊ ತೆಗೆದುಕೊಡಿ ಸೇರಾನ್."

"ಅದು ಮನೆ ವಿಷಯ."

"ನನಗೆ ಪೆಟ್ಟಿಗೆ ಮುಚ್ಚೋನು ಅಂದ್ರಿ. ನಿಜಕ್ಕೂ ಸಾವಿಗೆ ಹೆದರ್ತಿರೋದು ನೀವು. ಅದನ್ನ ಒಪ್ಕೊಳ್ಳಿ. ಒಪ್ಕೊಂಡ್ರೆ ಮನಸ್ಸು ಹಗುರ..."

"ನಿಲ್ಲಿಸಿ!" ಅವಳ ದನಿ ಒಡೆಯಿತು. "ನನ್ನ ಮನೇಲಿ ಭಾಷಣ ಮಾಡ್ಬೇಡಿ! ನಾನು ಒಪ್ಪಲ್ಲ. ಅಪ್ಪ ಹೋಗಿದ್ದನ್ನೂ ಒಪ್ಪಿಲ್ಲ, ಅಜ್ಜಿ ಹೋಗೋದನ್ನೂ ಒಪ್ಪಲ್ಲ! ಹೋಗಿ ಇಲ್ಲಿಂದ!"

ಅವನು ಏನೋ ಹೇಳಹೋದ. ಅವಳು ಬಾಗಿಲು ಹಾಕಿಕೊಂಡಳು. ಒಳಗೆ ಬಾಗಿಲಿಗೆ ಒರಗಿ ಕೂತು ಮನಸಾರೆ ಅತ್ತಳು. ಅವನು ಹೇಳಿದ್ದು ಸುಳ್ಳಾಗಿದ್ದರೆ ಅಷ್ಟು ಅಳು ಬರುತ್ತಿರಲಿಲ್ಲ.

ಆಮೇಲೆ ಅವನು ಬರಲಿಲ್ಲ. ಹಣ್ಣುಗಳು ಸೂರಿನಡಿ ಸುಕ್ಕುಗಟ್ಟುತ್ತ ಬಂದವು. ಅಜ್ಜಿ ಮಾತ್ರ ಊಟಕ್ಕೆ ಇನ್ನೊಂದು ಬಟ್ಟಲು ಇಡುವುದನ್ನು ಬಿಡಲಿಲ್ಲ.

"ತೆಗಿ ಅಜ್ಜಿ ಅದನ್ನ!"

"ನನ್ನ ಬಟ್ಟಲು, ನಾನಿಡ್ತೀನಿ. ನಿನಗೇನು ಉರಿ?"

* * *

ಶನಿವಾರ ಮಧ್ಯಾಹ್ನ ಅಜ್ಜಿಯ ಮೊಬೈಲಿಗೆ ಸುದ್ದಿ ಬಂತು. ಬಿಳಿ ಸೇವಂತಿಗೆಯ ಚಿತ್ರ, ಕಪ್ಪು ಅಂಚು. ಆ ಊರಲ್ಲಿ ಸಾವಿನ ಸುದ್ದಿ ಬರುವುದೇ ಹಾಗೆ.

'ತಾಕ್ ಮುಯೊಲ್ ಮೇಷ್ಟ್ರಿಗೆ ಅಂತಿಮ ವಿದಾಯ. ಇಂದು ಮಧ್ಯಾಹ್ನ, ಹೊಸ ಹುಟ್ಟು ಕೇಂದ್ರದ ಸಭಾಂಗಣದಲ್ಲಿ. ಬಂದು ಹೂವಿಡಿ.'

ಕೆಳಗೆ ಅವನ ಫೋಟೊ. ಅವಳು ತೆಗೆದದ್ದು! ಆ ನಗು... ಅದರ ಮೇಲೆ ಅಡ್ಡಲಾಗಿ ಕರಿಪಟ್ಟಿ.

ಸೇರಾನ್ ಮೊಬೈಲನ್ನು ಕಸಿದುಕೊಂಡಳು. ಅವನ ನಂಬರಿಗೆ ಹಚ್ಚಿದಳು. ಬಂದ್ ಆಗಿತ್ತು. ಮತ್ತೆ ಹಚ್ಚಿದಳು. ಬಂದ್!

ಅಪ್ಪ... ಈಗ ಇವನು. ನಾನು ನಗಿಸಿದೆ, ನಾನೇ ಗುಂಡಿ ಒತ್ತಿದೆ...

"ಕಪ್ಪು ಬಟ್ಟೆ ಹಾಕ್ಕೊಳ್ಳೇ ತಾಯಿ," ಎಂದಳು ಅಜ್ಜಿ ಅಳುತ್ತ.

ಸೇರಾನ್ ಬೀರು ತೆರೆದಳು. ಕಪ್ಪು ಉಡುಪಿನ ಮೇಲೆ ಕೈಯಿಟ್ಟಳು. ಆಮೇಲೆ ಬಾಗಿಲನ್ನು ಧಡಾರನೆ ಬಡಿದು, ಮೈಮೇಲಿದ್ದ ಹಳದಿ ಸ್ವೆಟರಿನಲ್ಲೇ ಹೊರಟಳು.

"ಹಾಕಲ್ಲ! ಯಾರಿಗೆ ಬೇಕಾದ್ರೂ ಹಾಕ್ತೀನಿ, ಅವನಿಗೆ ಹಾಕಲ್ಲ!"

ಸಭಾಂಗಣ ಕಿಕ್ಕಿರಿದಿತ್ತು. ವೇದಿಕೆಯ ಮೇಲೆ ಮುಚ್ಚಿದ ಪೆಟ್ಟಿಗೆ, ಅದರ ತಲೆಯ ಬಳಿ ಅವನ ನಗು, ಸುತ್ತ ಬಿಳಿ ಹೂವು. ಸೇರಾನ್ ಜನರನ್ನು ಸೀಳಿಕೊಂಡು ಹತ್ತಿದಳು. ಫೋಟೊದ ಕರಿಪಟ್ಟಿಯನ್ನು ಕಿತ್ತೆಸೆದಳು.

"ಕಟ್ಟಬೇಡಿ ಅಂದಿದ್ದೆ! ಅವತ್ತೇ ಹೇಳಿದ್ದೆ ನಿಮಗೆಲ್ಲ!"

ಪೆಟ್ಟಿಗೆಯ ಮುಂದೆ ಮಂಡಿಯೂರಿ ಎರಡೂ ಕೈಯಿಂದ ಗುದ್ದತೊಡಗಿದಳು.

"ಏಳು ಮುಯೊಲ್! ಜಗಳ ಅರ್ಧಕ್ಕೆ ಬಿಟ್ಟು ಹೋಗ್ತಾರಾ ಯಾರಾದ್ರೂ? ಅಜ್ಜಿ ದಿನಾ ನಿನ್ನ ಬಟ್ಟಲು ಇಡ್ತಾಳೆ ಕಣೋ... ನೀನು ಹೇಳಿದ್ದು ನಿಜ, ನನಗೆ ಹೆದರಿಕೆ! ಆದ್ರೂ ಒಪ್ಪಲ್ಲ. ನಿನ್ನ ಸಾವನ್ನ ನಾನು ಒಪ್ಪಲ್ಲ! ಏಳೋ!"

ಮುಂದಿನ ಸಾಲಿನ ಹೆಂಗಸೊಬ್ಬಳು ಪಕ್ಕದವಳ ಕಿವಿಯಲ್ಲಿ ಪಿಸುಗುಟ್ಟಿದ್ದು ಆ ಮೌನದಲ್ಲಿ ಎಲ್ಲರಿಗೂ ಕೇಳಿಸಿತು.

"ಇದೂ ಕಾರ್ಯಕ್ರಮದಲ್ಲಿದೆಯಾ?"

ಕಾರ್ಯಕ್ರಮ? ಸೇರಾನ್‌ಳ ಕೈ ಗಾಳಿಯಲ್ಲೇ ನಿಂತಿತು. ಪೆಟ್ಟಿಗೆ ಟೊಳ್ಳಾಗಿ ಸದ್ದು ಮಾಡುತ್ತಿತ್ತೆಂಬುದು ಅವಳಿಗೆ ಆಗ ಹೊಳೆಯಿತು.

"ಸೇರಾನ್..."

ಪರದೆಯ ಪಕ್ಕದಲ್ಲಿ ಮುಯೊಲ್ ನಿಂತಿದ್ದ. ಕೇಂದ್ರದ ಮಾಲೀಕ ಗುಕ್ ಅವನ ತೋಳು ಹಿಡಿದು ಜಗ್ಗುತ್ತಿದ್ದ. ಸೇರಾನ್ ಎದ್ದು ಹೋದಳು. ಅವನ ಕೆನ್ನೆ ಮುಟ್ಟಿದಳು. ಬೆಚ್ಚಗಿತ್ತು.

ಮರುಕ್ಷಣವೇ ಸೇವಂತಿಗೆಯ ಕಟ್ಟೊಂದನ್ನು ಎತ್ತಿಕೊಂಡು ಅವನಿಗೆ ಬಾರಿಸತೊಡಗಿದಳು!

"ಸತ್ತಿದ್ರೆ ಅತ್ತು ಸುಮ್ಮನಾಗ್ತಿದ್ದೆ! ಬದುಕಿದೀಯಲ್ಲಾ, ನಿನ್ನ ಸುಮ್ನೆ ಬಿಡ್ತೀನಾ?"

"ಕೇಳು... ಅಯ್ಯೋ, ಒಂದ್ನಿಮಿಷ ಕೇಳು! ನಾನು ಕೆಲಸ ಬಿಟ್ಟೆ. ಕೊನೇದೊಂದು ಭಾಷಣ ಮಾಡಿ ಹೋಗಿ ಅಂದ್ರು, ಒಪ್ಪಿದೆ. ಬಾಗಿಲಲ್ಲೇ ಫೋನ್ ಬಂದ್ ಮಾಡಿ ಇಸ್ಕೊಂಡ್ರು. ನನ್ನ ಮೇಜಿನ ಮೇಲಿದ್ದ ಫೋಟೊಗೆ ಪಟ್ಟಿ ಕಟ್ಟಿ ಊರಿಗೆಲ್ಲ ಸಾವಿನ ಸುದ್ದಿ ಹಂಚಿದ್ದು ಈಗ ಗೊತ್ತಾಯ್ತು. ಪೆಟ್ಟಿಗೇಲಿ ಮಲಗಲ್ಲ ಅಂತ ಒಳಗೆ ಜಗಳ ಆಡ್ತಿದ್ದೆ!"

"ಮೇಷ್ಟ್ರೇ, ಜನ ಕಾಯ್ತಿದಾರೆ," ಎಂದು ಗುಕ್ ಹಲ್ಲು ಕಚ್ಚಿಕೊಂಡು ಪಿಸುಗುಟ್ಟಿದ. "ಒಂದೇ ಒಂದ್ಸಲ ಮಲಗಿಬಿಡಿ!"

"ಬೇಕಿದ್ರೆ ನೀವು ಮಲಗಿ. ಜಾಗ ಖಾಲಿ ಇದೆ."

ಸಭೆ ಗೊಳ್ಳೆಂದಿತು. ಮುಯೊಲ್ ಮೈಕಿನ ಮುಂದೆ ಬಂದು ನಿಂತ. ತಲೆಗೂದಲಲ್ಲಿ ಸೇವಂತಿಗೆಯ ಎಸಳು ಸಿಕ್ಕಿತ್ತು.

"ಯಾಕೆ ಬದುಕಬೇಕು ಅಂತ ನನಗೆ ಗೊತ್ತಿಲ್ಲ. ಇಷ್ಟು ವರ್ಷ ಗೊತ್ತಿರೋನ ಹಾಗೆ ಮಾತಾಡಿದೆ, ತಪ್ಪಾಯ್ತು. ಸಾವನ್ನ ಒಪ್ಕೊಳ್ಳಿ ಅಂತ ನಿಮಗೆಲ್ಲ ಹೇಳಿದೆ. ಈ ಹುಡುಗಿ ಹಳದಿ ಸ್ವೆಟರ್ ಹಾಕ್ಕೊಂಡು ಬಂದು, ನನ್ನ ಸಾವನ್ನ ಒಪ್ಪಲ್ಲ ಅಂತ ಪೆಟ್ಟಿಗೆ ಗುದ್ದಿದ್ಳು. ನನ್ನ ಅಷ್ಟೂ ಭಾಷಣಕ್ಕಿಂತ ಅದು ದೊಡ್ಡದು." ಅವನು ಕೂದಲಿಂದ ಎಸಳು ತೆಗೆದ. "ನನಗೀಗ ಮನೆಗೆ ಹೋಗ್ಬೇಕು ಅನ್ನಿಸ್ತಿದೆ. ನೀವೂ ಹೋಗಿ. ನಿಮ್ಮ ಬಟ್ಟಲನ್ನೂ ಯಾರಾದ್ರೂ ಇಟ್ಟಿರ್ತಾರೆ."

ಅವನು ಸೇರಾನ್ ಕಡೆಗೆ ತಿರುಗಿದ.

"ನೀನಂದ್ರೆ ನನಗೆ ಇಷ್ಟ ಸೇರಾನ್. ಮುಚ್ಚಳ ಹಾಕೋಕೆ ಬಿಡದೇ ಇರೋಳು... ನನ್ನ ಜೊತೆ ಇರ್ತೀಯಾ?"

"ಭಾಷಣ ಮಾಡಲ್ಲ ಅಂದ್ರೆ ಇರ್ತೀನಿ," ಎಂದಳು ಅವಳು ಕಣ್ಣೊರೆಸಿಕೊಳ್ಳುತ್ತ. "ಫೋಟೊ ಎತ್ಕೋ. ಅದು ನನ್ನದು."

* * *

ಮರುದಿನ ಬೆಳಗಿನ ಬಿಸಿಲಿಗೆ ಸೇರಾನ್ ತಾನಾಗಿಯೇ ಅಂಗಳದಲ್ಲಿ ಸ್ಟೂಲು ಇಟ್ಟಳು.

"ಅಜ್ಜಿ, ಬಾ. ಕೂತ್ಕೋ."

ಮಾಲ್ಸುನ್ ಅಜ್ಜಿ ಅವಳ ಮುಖವನ್ನೇ ನೋಡಿದಳು. ಒಳಗೆ ಹೋಗಿ ಹಸಿರು ರೇಷ್ಮೆಯ ಹಬ್ಬದ ಉಡುಪು ಉಟ್ಟು, ತುಟಿಗೆ ಬಣ್ಣ ಹಚ್ಚಿಕೊಂಡು ಬಂದಳು. ಮುಯೊಲ್ ಬೆಳಕು ತಿರುಗಿಸುವ ಬಿಳಿ ಹಲಗೆ ಹಿಡಿದು ನಿಂತ.

ಸೇರಾನ್ ಗುಂಡಿಯ ಮೇಲೆ ಬೆರಳಿಟ್ಟಳು. ಅಜ್ಜಿಯನ್ನು ನಗಿಸಲು ಅವಳಿಗೆ ಒಂದು ಮಾತೂ ಹೊಳೆಯಲಿಲ್ಲ.

"ಅಜ್ಜಿ," ಎಂದಳು ಕೊನೆಗೆ, "ಇದನ್ನ ಈಗ್ಲೇ ಅಡುಗೆಮನೇಲಿ ನೇತುಹಾಕ್ತೀನಿ. ಪಟ್ಟಿ ಗಿಟ್ಟಿ ಕಟ್ಟೋಕೆ ನಾನು ಬಿಡಲ್ಲ. ತಿಳೀತಾ?"

"ಪಟ್ಟಿ ಎಲ್ಲಿದೆಯೇ ಕಟ್ಟೋಕೆ?" ಅಜ್ಜಿ ಸೂರಿನ ಕಡೆ ಗಲ್ಲ ಎತ್ತಿದಳು. "ಎಲ್ಲಾ ಹಣ್ಣಿಗೆ ಖರ್ಚಾಗೋಯ್ತು!"

ಹೇಳಿ ತಾನೇ ನಕ್ಕಳು, ಬೊಚ್ಚುಬಾಯಿ ತೆರೆದು, ಮೈಯೆಲ್ಲ ಕುಲುಕಿಸಿ. ಸೇರಾನ್ ಗುಂಡಿ ಒತ್ತಿದಳು. ಒತ್ತಿ ಅತ್ತಳು, ಅಳುತ್ತಲೇ ಮತ್ತೊಮ್ಮೆ ಒತ್ತಿದಳು.

ಒಣಗಿದ ಹಣ್ಣಿನ ಮೊದಲ ಸರವನ್ನು ಅವರಿಬ್ಬರೂ ಸೇರಿ ಇಳಿಸಿದರು. ಮುಯೊಲ್‌ನ ಬೊಗಸೆಯಲ್ಲಿ ಹಣ್ಣು, ಅದರ ಕೆಳಗೆ ಸೇರಾನ್‌ಳ ಕೈ.

"ಸೇರಾನ್, ದಾರೀಲಿ ಯಾರಾದ್ರೂ ಹಿಡ್ಕೊಂಡು, ಯಾಕೆ ಬದುಕಬೇಕು ಮೇಷ್ಟ್ರೇ ಅಂತ ಕೇಳಿದ್ರೆ ಏನು ಹೇಳ್ಲಿ?"

ಅವಳು ಒಂದು ಹಣ್ಣು ಮುರಿದು ಅವನ ಬಾಯಿಗಿಟ್ಟಳು.

"ಆಮೇಲೆ ಬನ್ನಿ ಅನ್ನು. ಈಗ ನನಗೆ ಕೈ ಬಿಡುವಿಲ್ಲ ಅನ್ನು."